ಇಗರ್ಜಿಯ ಆರ್ಗನ್ನು, ನಾಟಕದ ಪೇಟಿ: ಹಳೆಯ ಗಾಳಿವಾದ್ಯಗಳ ಜೀರ್ಣೋದ್ಧಾರ

ಚರ್ಚುಗಳಲ್ಲಿ ಪ್ರಾರ್ಥನಾಗೀತೆಗೆ ಆಸರೆಯಾಗಿ ನುಡಿಯುವ ಕೊಳವೆ ಆರ್ಗನ್ನನ್ನು ಒಂದು ವಾದ್ಯವೆಂದು ಕರೆಯುವುದು ರೂಢಿಯಾದರೂ, ಅದು ನೂರಾರು ಕೊಳವೆಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಅವೆಲ್ಲಕ್ಕೂ ತಿದಿಯಿಂದ ಗಾಳಿ ಒದಗಿಸಿ, ಆ ಗಾಳಿಯ ಹಂಚಿಕೆಯನ್ನು ಒಬ್ಬನೇ ವಾದಕನ ಕೈಕಾಲುಗಳಿಗೆ ಒಪ್ಪಿಸಿದ ಒಂದು ದೊಡ್ಡ ಯಂತ್ರವ್ಯವಸ್ಥೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಕ್ಟೆಸಿಬಿಯಸ್ ಎಂಬ ಗ್ರೀಕ್ ಯಂತ್ರಜ್ಞ, ನೀರಿನ ಭಾರದಿಂದ ಗಾಳಿಯ ಒತ್ತಡವನ್ನು ಹದದಲ್ಲಿಡುವ ವಾದ್ಯವೊಂದನ್ನು ರೂಪಿಸಿದ್ದೇ ಇದರ ಮೂಲವೆನ್ನಲಾಗಿದ್ದು, ಅಲ್ಲಿಂದ ಯುರೋಪಿನ ಚರ್ಚುಗಳಿಗೂ, ಮುಂದೆ ವಸಾಹತುಗಳ ಮೂಲಕ ಏಷ್ಯಾಕ್ಕೂ ಈ ವಾದ್ಯ ಹರಡಿತು. ಆರ್ಗನ್ ನಿರ್ಮಾಣದ ಕಸುಬನ್ನೂ ಅದರ ಸಂಗೀತವನ್ನೂ ಯುನೆಸ್ಕೊ 2017ರಲ್ಲಿ ಜರ್ಮನಿಯ ಹೆಸರಿನಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇಂಥ ವಾದ್ಯ ಹಳತಾದಾಗ ಅದನ್ನು ಮತ್ತೆ ನುಡಿಯುವಂತೆ ಮಾಡುವ ಕೆಲಸ ಬಡಗಿ, ಕಮ್ಮಾರ, ಚರ್ಮಕಾರ ಮತ್ತು ಸಂಗೀತಗಾರ ನಾಲ್ವರ ವಿದ್ಯೆಯನ್ನೂ ಬೇಡುತ್ತದೆ. ಗಾಳಿಯಿಂದ ನುಡಿಯುವ ಕೀಲಿವಾದ್ಯಗಳು ಚರ್ಚಿನಿಂದ ನಾಟಕದ ರಂಗಕ್ಕೂ, ಅಲ್ಲಿಂದ ಶಾಸ್ತ್ರೀಯ ಸಂಗೀತದ ಬೈಠಕ್ಕಿಗೂ ದಾಟಿಬಂದ ಬೆಳಗಾವಿ ಸೀಮೆಯಲ್ಲಿ ಈ ವಿದ್ಯೆಯನ್ನು ಅರಿಯುವುದಕ್ಕೆ ವಿಶೇಷ ಕಾರಣಗಳಿವೆ.

ಬೆಳಗಾವಿಯ ಕೋಟೆ 1818ರಲ್ಲಿ ಬ್ರಿಟಿಷರ ವಶವಾದ ಮೇಲೆ ಊರಿನ ಮಗ್ಗುಲಲ್ಲಿ ಸೈನ್ಯದ ದಂಡು ನೆಲೆಯೂರಿ, ಇಂದಿಗೂ ಜನ ಕ್ಯಾಂಪ್ ಎಂದು ಕರೆಯುವ ಬಡಾವಣೆ ಬೆಳೆಯಿತು. 1820ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಇಲ್ಲಿ ಮಿಷನ್ನನ್ನು ಆರಂಭಿಸಿದರು. 1904ರಲ್ಲಿ ಅದು ಮೆಥಡಿಸ್ಟರ ಕೈಗೆ ಬಂತು. ಕ್ಯಾಂಪಿನ ಸೇಂಟ್ ಮೇರೀಸ್ ಚರ್ಚ್ 1860ರ ದಶಕದ ಕಟ್ಟಡ. ಕ್ಯಾಥೊಲಿಕ್ ಸಮುದಾಯಕ್ಕೆ ಗೋವೆಯೊಂದಿಗೆ ಹಳೆಯ ನಂಟಿದ್ದು, 1953ರಲ್ಲಿ ಬೆಳಗಾವಿ ಸ್ವತಂತ್ರ ಧರ್ಮಪ್ರಾಂತವಾಯಿತು. ಖಾನಾಪುರ ತಾಲ್ಲೂಕು ಗೋವೆಯ ಗಡಿಗೆ ತಗುಲಿಕೊಂಡಿರುವುದರಿಂದ, ಮುಖ್ಯವಾಗಿ ಗೋವೆಗೆ ಹೋಗುವ ರೈಲು ಕವಲೊಡೆಯುವ ಲೋಂಡಾ ಆ ತಾಲ್ಲೂಕಿನಲ್ಲೇ ಇರುವುದರಿಂದ, ಗೋವೆಯ ಇಗರ್ಜಿಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ, ಪಿಟೀಲು ಮತ್ತು ಗಾಯನವನ್ನು ಕಲಿಸುತ್ತಿದ್ದ ಪದ್ಧತಿಯ ಪ್ರಭಾವ ಘಟ್ಟದ ಮೇಲಿನ ಊರುಗಳಿಗೂ ಹಬ್ಬುವುದಕ್ಕೆ ದಾರಿ ಸಲೀಸಾಗಿತ್ತು.

ದೊಡ್ಡ ಕೊಳವೆ ಆರ್ಗನ್ನು ಹಡಗಿನಲ್ಲಿ ಬಂದು, ತಜ್ಞರ ಕೈಯಲ್ಲಿ ಜೋಡಣೆಗೊಂಡು, ಕಟ್ಟಡದ ಭಾಗವೇ ಆಗಿ ನಿಲ್ಲುವಂಥದಾದ್ದರಿಂದ ಅದರ ವೆಚ್ಚವನ್ನು ದೊಡ್ಡ ನಗರಗಳ ಚರ್ಚುಗಳು ಮಾತ್ರ ಭರಿಸಬಲ್ಲವಾಗಿದ್ದವು. ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ 19ನೇ ಶತಮಾನದ ಕೊಳವೆ ಆರ್ಗನ್ನಿದೆ; ಕೋಲ್ಕತ್ತದ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನದು ಇಂಗ್ಲೆಂಡಿನ ಹೆಸರಾಂತ ಹೆನ್ರಿ ವಿಲಿಸ್ ಕಾರ್ಖಾನೆಯದು. ದೇಶದ ಸಣ್ಣ ಊರಿನ ಚರ್ಚುಗಳೂ ಮಿಷನ್ ಶಾಲೆಗಳೂ ಸಾಮಾನ್ಯವಾಗಿ ಆಶ್ರಯಿಸಿದ್ದು ಕೊಳವೆಗಳ ಬದಲು ಹಿತ್ತಾಳೆಯ ರೀಡುಗಳಿಂದ ನುಡಿಯುವ, ಕಾಲಿನಿಂದ ತುಳಿದು ಗಾಳಿ ತುಂಬುವ ರೀಡ್ ಆರ್ಗನ್ನನ್ನು. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆನ್ 1840ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಸ್ವಾಮ್ಯಪತ್ರ ಪಡೆದ ವಾದ್ಯ ಮತ್ತು ಅಮೆರಿಕದ ಎಸ್ಟಿ, ಮೇಸನ್ ಅಂಡ್ ಹ್ಯಾಮ್ಲಿನ್ ಕಂಪನಿಗಳ ಆರ್ಗನ್ನುಗಳು ಈ ವರ್ಗಕ್ಕೆ ಸೇರುತ್ತವೆ. ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೊ ಪಟ್ಟಣದಲ್ಲಿದ್ದ ಎಸ್ಟಿ ಕಂಪನಿಯೊಂದೇ 5 ಲಕ್ಷಕ್ಕೂ ಹೆಚ್ಚು ಆರ್ಗನ್ನುಗಳನ್ನು ತಯಾರಿಸಿತು. ಮಡಚಿ ಪೆಟ್ಟಿಗೆಯಂತೆ ಒಯ್ಯಬಹುದಾದ ಮಾದರಿಗಳನ್ನು ಮಿಷನರಿಗಳು ಊರಿಂದೂರಿಗೆ ಹೊತ್ತು ತಿರುಗಿದರು.

ಕೊಳವೆ ಆರ್ಗನ್ನಿನ ದುರಸ್ತಿಯನ್ನು ಅರಿಯಲು ಅದರೊಳಗೆ ಗಾಳಿ ಸಾಗುವ ಹಾದಿಯನ್ನು ಅನುಸರಿಸಬೇಕು. ತಿದಿಯಲ್ಲಿ ತುಂಬಿದ ಗಾಳಿ, ಮೇಲೆ ಭಾರವಿಟ್ಟ ಸಂಗ್ರಹತಿದಿಗೆ ಹೋಗಿ ಒಂದೇ ಸಮನಾದ ಒತ್ತಡವನ್ನು ಪಡೆಯುತ್ತದೆ. ಈ ಒತ್ತಡವನ್ನು ಅಳೆಯುವುದು ನೀರಿನ ಕಂಬದ ಎತ್ತರದಿಂದ. ಸಾಮಾನ್ಯ ಆರ್ಗನ್ನಿನಲ್ಲಿ ಅದು 60ರಿಂದ 100 ಮಿಲಿಮೀಟರ್ ಮಾತ್ರ. ಅಲ್ಲಿಂದ ಗಾಳಿ ಮರದ ದೊಡ್ಡ ಗಾಳಿಪೆಟ್ಟಿಗೆಯೊಳಗೆ ಬಂದು ಕಾಯುತ್ತದೆ. ವಾದಕ ಕೀಲಿಯನ್ನು ಒತ್ತಿದಾಗ, ತೆಳುವಾದ ಮರದ ಕಡ್ಡಿಗಳ ಸರಣಿಯೊಂದು ಆ ಒತ್ತನ್ನು ಒಯ್ದು, ಗಾಳಿಪೆಟ್ಟಿಗೆಯೊಳಗಿನ ತೊಗಲು ಹೊದಿಸಿದ ಕವಾಟವೊಂದನ್ನು ಎಳೆದು ತೆರೆಯುತ್ತದೆ. ಆದರೆ ಯಾವ ಸಾಲಿನ ಕೊಳವೆಗಳಿಗೆ ಗಾಳಿ ಸೇರಬೇಕೆಂಬುದನ್ನು ತೀರ್ಮಾನಿಸುವುದು ಸ್ಟಾಪ್ ಎಂಬ ಹಿಡಿಕೆ. ಅದನ್ನು ಎಳೆದಾಗ ರಂಧ್ರಗಳಿರುವ ಮರದ ಜಾರುಪಟ್ಟಿಯೊಂದು ಸರಿದು, ಆ ಸಾಲಿನ ಕೊಳವೆಗಳ ಬುಡಕ್ಕೆ ಹಾದಿ ಬಿಡುತ್ತದೆ. ಒಂದೊಂದು ಸಾಲಿಗೂ ತನ್ನದೇ ದನಿಯ ಬಣ್ಣವಿದ್ದು, ಮರದ ಕೊಳವೆಗಳು ಮೆದುವಾಗಿಯೂ, ತವರ ಮತ್ತು ಸೀಸದ ಮಿಶ್ರಲೋಹದ ಕೊಳವೆಗಳು ತಿಳಿಯಾಗಿಯೂ, ನಾಲಗೆಯಿರುವ ಕೊಳವೆಗಳು ಕಹಳೆಯ ಗಡಸಿನಿಂದಲೂ ನುಡಿಯುತ್ತವೆ. ಕೊಳವೆ ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ; ತಲೆ ತೆರೆದ ಸುಮಾರು 8 ಅಡಿಯ ಕೊಳವೆ ಕೊಡುವ ಸ್ವರವನ್ನೇ ತಲೆ ಮುಚ್ಚಿದ 4 ಅಡಿಯ ಕೊಳವೆಯೂ ಕೊಡುವುದರಿಂದ, ಸ್ಥಳ ಕಡಿಮೆಯಿರುವ ಚರ್ಚುಗಳಲ್ಲಿ ಈ ಉಪಾಯ ತುಂಬ ಬಳಕೆಯಲ್ಲಿದೆ.

ಈ ಹಾದಿಯಲ್ಲಿ ಮರ, ತೊಗಲು ಮತ್ತು ಅಂಟು ಇಲ್ಲದ ಜಾಗವೇ ಇಲ್ಲ. ಈ ಮೂರೂ ಹವೆಯ ತೇವಕ್ಕೆ ಸ್ಪಂದಿಸುವ ವಸ್ತುಗಳು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಜಿನುಗು ಮಳೆ ಗೋಡೆಗಳನ್ನು ವಾರಗಟ್ಟಲೆ ಹಸಿಯಾಗಿಡುತ್ತದೆ. ಮಾರ್ಚ್ ಬರುವ ಹೊತ್ತಿಗೆ ಅದೇ ಗೋಡೆಯ ಪಕ್ಕದ ಮರ ಒಣಗಿ ಬಿರುಕು ಬಿಡುತ್ತದೆ. ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚುತ್ತ ಹೋಗಿ, ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಸುತ್ತ ಅದು ಘಟ್ಟದ ಅತಿವೃಷ್ಟಿಯೇ ಆಗುತ್ತದೆ. ಹಸಿಯಲ್ಲಿ ಉಬ್ಬುವುದು, ಬಿಸಿಲಿನಲ್ಲಿ ಕುಗ್ಗುವುದು ಮರದ ಸಹಜಗುಣವಾದರೂ, ಅದು ನಾರಿನ ಉದ್ದಕ್ಕಿಂತ ಅಡ್ಡಗಲದಲ್ಲಿ ಬಹಳ ಹೆಚ್ಚಾಗಿ ನಡೆಯುವುದರಿಂದ ಗಾಳಿಪೆಟ್ಟಿಗೆಯ ಅಗಲ ಹಲಗೆ ಸೀಳುತ್ತದೆ. ಆ ಸೀಳಿನಲ್ಲಿ ಗಾಳಿ ಪಕ್ಕದ ಕೊಳವೆಗೆ ನುಸುಳಿ, ಒತ್ತದ ಸ್ವರವೂ ಸಣ್ಣಗೆ ಮುಲುಗುತ್ತದೆ. ಕವಾಟದ ತೊಗಲು ಗಟ್ಟಿಯಾದರೆ ಅಥವಾ ಕೀಲಿ ಉಬ್ಬಿ ಸಿಕ್ಕಿಕೊಂಡರೆ ಒಂದು ಸ್ವರ ನಿಲ್ಲದೆ ಕೂಗುತ್ತಲೇ ಇರುತ್ತದೆ. ಬೂಷ್ಟು ತೊಗಲನ್ನೂ, ಗೆದ್ದಲು ಹಲಗೆಯನ್ನೂ, ಇಲಿಗಳು ತಿದಿಯ ಮಡಿಕೆಗಳನ್ನೂ ತಿನ್ನುವುದು ಘಟ್ಟದಂಚಿನ ಊರುಗಳಲ್ಲಿ ಹೊಸತೇನಲ್ಲ. ಯಾವ ಹಾನಿಯೂ ಆಗದಿದ್ದರೂ ತಿದಿಯ ತೊಗಲು ಐವತ್ತು ಅರವತ್ತು ವರ್ಷಗಳಲ್ಲಿ ತಾನಾಗಿ ಸವೆದುಹೋಗುತ್ತದೆ.

ಒಳ್ಳೆಯ ಜೀರ್ಣೋದ್ಧಾರ ಉಳಿಯಿಂದ ಆರಂಭವಾಗುವುದಿಲ್ಲ, ದಾಖಲೆಯಿಂದ ಆರಂಭವಾಗುತ್ತದೆ. ಬಿಚ್ಚುವ ಮೊದಲು ಪ್ರತಿಯೊಂದು ಕೊಳವೆಯ ಉದ್ದ, ವ್ಯಾಸ, ಬಾಯಿಯ ಅಗಲ, ಅದರ ಮೇಲೆ ಹಿಂದಿನ ಕೆಲಸಗಾರರು ಗೀಚಿದ ಗುರುತು, ಇದ್ದ ಸ್ಥಿತಿಯಲ್ಲಿ ಅದು ಕೊಡುವ ಸ್ವರ, ತಿದಿಯ ಮೇಲಿನ ಭಾರದ ತೂಕ ಇವೆಲ್ಲವನ್ನೂ ಬರೆದು, ಚಿತ್ರ ತೆಗೆದಿಡಬೇಕು. ಆಮೇಲೆ ಕೊಳವೆಗಳನ್ನು ಹೊರತೆಗೆದು, ಸೀಸ ಬೆರೆತ ಲೋಹ ಬೆರಳೊತ್ತಿಗೂ ತಗ್ಗುವಷ್ಟು ಮೆದುವಾಗಿರುವುದರಿಂದ ಹಗುರವಾಗಿ ಧೂಳು ತೊಳೆದು, ಕುಸಿದ ಬುಡಗಳನ್ನು ನೆಟ್ಟಗೆ ಮಾಡಲಾಗುತ್ತದೆ. ತಿದಿಯ ಹಳೆಯ ತೊಗಲನ್ನು ಬಿಡಿಸಿ, ಅದೇ ಬಗೆಯಲ್ಲಿ ಹದಮಾಡಿದ ಹೊಸ ತೊಗಲನ್ನು ಹಚ್ಚಬೇಕು. ಇಲ್ಲಿ ಬಳಸುವ ಅಂಟಿನ ಆಯ್ಕೆ ಸಣ್ಣ ಸಂಗತಿಯಂತೆ ಕಂಡರೂ ಇಡೀ ಕೆಲಸದ ನೀತಿ ಅದರಲ್ಲಿದೆ. ಬಡಗಿಗಳು ಸರೇಸು ಎಂದು ಕರೆಯುವ, ಪ್ರಾಣಿಗಳ ಚರ್ಮ ಮೂಳೆಗಳಿಂದ ಕಾಯಿಸಿ ಮಾಡಿದ ಅಂಟು ಬಿಸಿನೀರು ತಗುಲಿದರೆ ಮತ್ತೆ ಬಿಡುತ್ತದೆ. ಹಾಗಾಗಿ ನೂರು ವರ್ಷಗಳ ಮೇಲೆ ಬರುವ ಇನ್ನೊಬ್ಬ ಕುಶಲಕರ್ಮಿ ಮರವನ್ನು ಒಡೆಯದೆ ಅದೇ ಜಾಗವನ್ನು ಬಿಚ್ಚಬಲ್ಲ. ಇಂದಿನ ಕೃತಕ ಅಂಟುಗಳು ಆ ಅವಕಾಶವನ್ನು ಕೊಡುವುದಿಲ್ಲ.

ಇದಾದ ಬಳಿಕ ದನಿಯನ್ನು ಹದಗೊಳಿಸುವ ಘಟ್ಟ ಬರುತ್ತದೆ. ಕೊಳವೆಯ ಬಾಯಿಯ ಎತ್ತರವನ್ನಾಗಲಿ, ಬುಡದ ರಂಧ್ರವನ್ನಾಗಲಿ ಕೂದಲೆಳೆಯಷ್ಟು ಬದಲಿಸಿದರೂ ಅದರ ದನಿ ಬೇರೆಯಾಗುತ್ತದೆ. ಕತ್ತರಿಸಿದ ಲೋಹವನ್ನು ಮೊದಲಿನಂತೆ ಕೂಡಿಸಲಾಗದು. ಸ್ವರಸ್ಥಾನದ ಪ್ರಶ್ನೆಯೂ ಇಲ್ಲೇ ಎದುರಾಗುತ್ತದೆ. ಇಂದು ಜಗತ್ತು ಒಪ್ಪಿಕೊಂಡಿರುವ, ಸೆಕೆಂಡಿಗೆ 440 ಕಂಪನಗಳ ಆಧಾರಸ್ವರವನ್ನು ನಿಗದಿಪಡಿಸಿದ್ದು 1939ರ ಲಂಡನ್ ಸಮ್ಮೇಳನ. ಅದಕ್ಕಿಂತ ಹಿಂದಿನ ಇಂಗ್ಲಿಷ್ ಆರ್ಗನ್ನುಗಳಲ್ಲಿ ಅನೇಕವು ಸುಮಾರು 450ರ ಮೇಲಿದ್ದರೆ, ಫ್ರಾನ್ಸಿನಲ್ಲಿ 1859ರಿಂದ 435 ಎಂಬ ನಿಯಮವಿತ್ತು. ಈಗಿನ ಗಿಟಾರು ಮತ್ತು ಕೀಬೋರ್ಡಿಗೆ ಹೊಂದಬೇಕೆಂಬ ಒಂದೇ ಕಾರಣಕ್ಕೆ ಹಳೆಯ ಕೊಳವೆಗಳನ್ನು ಕತ್ತರಿಸುವುದು ಒಂದು ಶಾಸನದ ಅಕ್ಷರಗಳನ್ನು ಇಂದಿನ ಓದುಗನಿಗಾಗಿ ಕೆತ್ತಿ ತಿದ್ದಿದಂತೆ. ಇನ್ನು ಶ್ರುತಿಮಾಡುವ ದಿನದ ಬಿಸಿಯೂ ಮುಖ್ಯ. ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚುವುದರಿಂದ ನಾಲಗೆಯಿಲ್ಲದ ಬಾಯಿಕೊಳವೆಗಳ ಸ್ವರ ಏರುತ್ತದೆ, ನಾಲಗೆಯ ಕೊಳವೆಗಳು ಅಷ್ಟಾಗಿ ಕದಲುವುದಿಲ್ಲ; ಹತ್ತು ಡಿಗ್ರಿಯ ವ್ಯತ್ಯಾಸಕ್ಕೆ ಎರಡರ ನಡುವೆ ಒಂದು ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು ಅಂತರ ಬೀಳುತ್ತದೆ.

ಕೆಟ್ಟ ದುರಸ್ತಿ ಎಷ್ಟನ್ನು ಅಳಿಸಬಲ್ಲದೆಂಬುದಕ್ಕೆ ಕರ್ನಾಟಕದ ನೆಲದಲ್ಲೇ ಹುಟ್ಟಿದ ಆರ್ಗನ್ನೊಂದು ಸಾಕ್ಷಿಯಾಗಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿಯನ್ನು ಎಲ್ಲರೂ ಮರದ ಬೊಂಬೆಯೆಂದು ಬಲ್ಲರು. ಯುರೋಪಿಯನ್ನನ ಮೇಲೆ ಎರಗಿದ ಆ ಹುಲಿಯ ಪಕ್ಕೆಯ ಬಾಗಿಲನ್ನು ತೆರೆದರೆ 18 ಕೀಲಿಗಳ ಕೊಳವೆ ಆರ್ಗನ್ ಕಾಣಿಸುತ್ತದೆ. ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡಿ, ಹುಲಿ ಗುರುಗುಟ್ಟುವ ಮತ್ತು ಮನುಷ್ಯ ನರಳುವ ದನಿಗಳು ಬೇರೆ ಕೊಳವೆಗಳಿಂದ ಹೊಮ್ಮುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ವಶವಾದ ಈ ವಾದ್ಯ ಲಂಡನ್ನಿಗೆ ಸಾಗಿ, ಪ್ರದರ್ಶನಕ್ಕೆ ಬಂದವರ ಕೈಯಲ್ಲಿ ವರ್ಷಾನುಗಟ್ಟಲೆ ತಿರುಗಿ ಸವೆಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಮಾಳಿಗೆ ಕುಸಿದು ನೂರಾರು ಚೂರುಗಳಾದ ಮರದ ಹೊರಮೈಯನ್ನು ಕೂಡಿಸಿ 1947ರ ವೇಳೆಗೆ ಮತ್ತೆ ನಿಲ್ಲಿಸಿದ್ದು ಶ್ಲಾಘನೀಯ ಕೆಲಸವೇ. ಆದರೆ ಯಾಂತ್ರಿಕ ವಾದ್ಯಗಳ ಇತಿಹಾಸಕಾರ ಆರ್ಥರ್ ಆರ್ಡ್-ಹ್ಯೂಮ್, ಬ್ರಿಟನ್ನಿಗೆ ಬಂದ ಮೇಲೆ ನಡೆದ ದುರಸ್ತಿಗಳು ಒಳಗಿನ ಯಂತ್ರದ ಮೂಲ ವಿನ್ಯಾಸವನ್ನು ಬಹುಪಾಲು ನಾಶಮಾಡಿವೆ ಎಂದು ತೋರಿಸಿದ್ದಾರೆ. ಅದರ ಎರಡು ಸಾಲು ಕೊಳವೆಗಳು ಒಂದೇ ಎತ್ತರದ ಸ್ವರಗಳನ್ನು ನುಡಿದು, ಅವುಗಳ ನಡುವೆ ನವಿರಾದ ಅಲೆಯೊಂದು ಕೇಳಿಸುತ್ತದೆ. ಅದು ಮೈಸೂರಿನ ಕುಶಲಕರ್ಮಿಗಳು ಬಯಸಿ ತಂದ ಗುಣವೋ, ನಂತರದವರ ಕೈತಪ್ಪಿನಿಂದ ಸೇರಿದ್ದೋ ಎಂಬುದನ್ನು ಇನ್ನು ಹೇಳುವಂತಿಲ್ಲ. 18ನೇ ಶತಮಾನದ ಕನ್ನಡನಾಡಿನಲ್ಲಿ ಶ್ರುತಿಯನ್ನು ಹೇಗೆ ಕಟ್ಟುತ್ತಿದ್ದರೆಂಬುದಕ್ಕೆ ದೊರೆಯಬಹುದಾಗಿದ್ದ ಅಪರೂಪದ ಭೌತಿಕ ಪುರಾವೆ ಹೀಗೆ ಕೈಬಿಟ್ಟುಹೋಯಿತು. ಇದು ಸಣ್ಣ ನಷ್ಟವಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮಂತೆಯೇ ಮಳೆಗಾಲವುಳ್ಳ ಫಿಲಿಪೈನ್ಸ್ ದೇಶದ ಲಾಸ್ ಪಿನ್ಯಾಸ್ ಊರಿನದು. ಅಲ್ಲಿನ ಪಾದ್ರಿ ದಿಯೇಗೊ ಸೆರಾ ಬಿದಿರನ್ನು ಕಡಲ ಮರಳಿನಲ್ಲಿ ಹೂತು ಹುಳುಗಳಿಂದ ಕಾಪಾಡಿ, 1816ರಿಂದ 1824ರವರೆಗೆ ದುಡಿದು, 1,031 ಕೊಳವೆಗಳ ಆರ್ಗನ್ನನ್ನು ಕಟ್ಟಿದರು. ಅವುಗಳಲ್ಲಿ 902 ಬಿದಿರಿನವು. ಭೂಕಂಪ ಮತ್ತು ಬಿರುಗಾಳಿಗಳಿಗೆ ಸಿಕ್ಕಿ ಅದು ಮೂಕವಾದಾಗ 1973ರಲ್ಲಿ ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಖಾನೆಗೆ ಒಯ್ದು, ಫಿಲಿಪೈನ್ಸ್‌ನ ಬಿಸಿ ಮತ್ತು ತೇವವನ್ನು ಕೃತಕವಾಗಿ ಏರ್ಪಡಿಸಿದ ಕೋಣೆಯಲ್ಲಿಟ್ಟು ದುರಸ್ತಿ ಮಾಡಿ, 1975ರಲ್ಲಿ ಮರಳಿ ತರಲಾಯಿತು. ವಾದ್ಯ ಹುಟ್ಟಿದ ಹವೆಯನ್ನು ದುರಸ್ತಿಯ ಕೋಣೆಗೂ ಒಯ್ದ ಆ ವಿವೇಕ ಘಟ್ಟದಂಚಿನ ಊರುಗಳಿಗೆ ನೇರವಾಗಿ ಅನ್ವಯಿಸುತ್ತದೆ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಸುಮಾರು 8,000 ಕೊಳವೆಗಳ ಆರ್ಗನ್ನು 2019ರ ಬೆಂಕಿಯಲ್ಲಿ ಸುಡದೆ ಉಳಿದರೂ ಸೀಸದ ಧೂಳಿನಿಂದ ತುಂಬಿಹೋಗಿದ್ದರಿಂದ ಅದನ್ನು ಬಿಚ್ಚಿ ತೊಳೆದು, ಕೂಡಿಸಿ, 2024ರ ಡಿಸೆಂಬರಿನಲ್ಲಿ ಮತ್ತೆ ನುಡಿಸಲಾಯಿತು.

ಬೆಳಗಾವಿ ಸೀಮೆಯಲ್ಲಿ ಗಾಳಿವಾದ್ಯದ ಕಥೆ ಚರ್ಚಿನ ಹೊಸಿಲಲ್ಲಿ ನಿಲ್ಲಲಿಲ್ಲ. ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ರಂಗಕ್ಕೆ ತಂದು ಮರಾಠಿ ಸಂಗೀತನಾಟಕಕ್ಕೆ ಅಡಿಪಾಯ ಹಾಕಿದರು. ಆ ಪರಂಪರೆಯಲ್ಲಿ ಬೆಳೆದ ಬಾಲಗಂಧರ್ವರ ನಾಟಕಮಂಡಳಿಯಲ್ಲಿ ಕಾಲಿನಿಂದ ತುಳಿಯುವ ಆರ್ಗನ್ನು ಗಾಯಕನ ಸಂಗಾತಿಯಾಗಿ ನೆಲೆನಿಂತಿತು. ಕನ್ನಡದ ವೃತ್ತಿನಾಟಕ ಕಂಪನಿಗಳಲ್ಲಿ ಅದೇ ಜಾಗವನ್ನು ಲೆಗ್ ಹಾರ್ಮೋನಿಯಂ ಹಿಡಿಯಿತು. ರಂಗದ ಮುಂದೆ ಅದನ್ನು ನುಡಿಸುತ್ತಿದ್ದ ಪೇಟಿ ಮಾಸ್ತರನ ಮಾತಿಗೆ ಕಂಪನಿಯಲ್ಲಿ ತೂಕವಿತ್ತು. ಇತ್ತ ಕೋಲ್ಕತ್ತದ ದ್ವಾರಕಾನಾಥ ಘೋಷರು 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಾಲಿನ ತಿದಿಯನ್ನು ತೆಗೆದು ಬೆನ್ನಿಗೆ ಕೈತಿದಿಯನ್ನಿಟ್ಟದ್ದರಿಂದ, ನೆಲದ ಮೇಲೆ ಕುಳಿತು ಹಾಡುವ ಸಂಪ್ರದಾಯಕ್ಕೆ ವಾದ್ಯ ಹೊಂದಿಕೊಂಡಿತು. ಬೆಳಗಾವಿಯಲ್ಲಿ ವಿಠ್ಠಲರಾವ್ ಕೋರೆಗಾಂವಕರ್, ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ಬಿಜಾಪುರೆ (1917–2010) ಇಂಥ ವಾದಕರು ಪೇಟಿಗೆ ಗೌರವದ ಸ್ಥಾನ ತಂದರು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ವಾದನಕ್ಕೆ ತಡೆಯೊಡ್ಡಿ, ಅದರ ಸಮಾನ ಅಂತರದ ಸ್ವರಗಳು ರಾಗಸಂಗೀತಕ್ಕೆ ಒಗ್ಗುವುದಿಲ್ಲವೆಂಬ ವಾದವನ್ನು ಎತ್ತಿಹಿಡಿದಾಗಲೂ, ಈ ಭಾಗದ ಗಾಯಕರು ತಮ್ಮ ಶ್ರುತಿಯನ್ನು ಕಾಳಿ ಒಂದು, ಕಾಳಿ ಎರಡು ಎಂದು ಪೇಟಿಯ ಕಪ್ಪು ಕೀಲಿಗಳ ಹೆಸರಿನಿಂದಲೇ ಹೇಳುತ್ತಿದ್ದರು.

ರೀಡ್ ಆರ್ಗನ್ನಿನ ಮತ್ತು ಪೇಟಿಯ ದುರಸ್ತಿ ಮೂಲತಃ ಒಂದೇ. ಎರಡರಲ್ಲೂ ಹಿತ್ತಾಳೆಯ ಚೌಕಟ್ಟಿಗೆ ಒಂದು ತುದಿಯಲ್ಲಿ ಬಂಧಿಸಿದ ತೆಳುನಾಲಗೆಯೊಂದು ಗಾಳಿಗೆ ಅದುರಿ ಸ್ವರ ಹುಟ್ಟುತ್ತದೆ. ನಾಲಗೆಯ ತುದಿಯನ್ನು ಸೂಕ್ಷ್ಮವಾಗಿ ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಪ್ರತಿ ಶ್ರುತಿಗೂ ಲೋಹ ಸ್ವಲ್ಪ ಸ್ವಲ್ಪವೇ ಸವೆಯುವುದರಿಂದ ಮೇಲಿಂದ ಮೇಲೆ ಶ್ರುತಿಮಾಡಿಸಿದ ಪೇಟಿ ಬೇಗ ದನಿಗೆಡುತ್ತದೆ. ಆದ್ದರಿಂದ ಬಲ್ಲ ದುರಸ್ತಿಗಾರ ಕಾನಸು ಹಿಡಿಯುವ ಮೊದಲು ರೀಡಿನ ಧೂಳು ಮತ್ತು ಕಿಲುಬನ್ನು ತೆಗೆದು, ಅಷ್ಟರಿಂದಲೇ ಸ್ವರ ಸ್ಥಾನಕ್ಕೆ ಬಂದೀತೇ ಎಂದು ನೋಡುತ್ತಾನೆ. ಹಳೆಯ ಜರ್ಮನ್ ಮತ್ತು ಪ್ಯಾರಿಸ್ ರೀಡುಗಳಿಗೆ ವಾದಕರಲ್ಲಿ ಇಂದಿಗೂ ದೊಡ್ಡ ಬೇಡಿಕೆಯಿದ್ದು, ಗುಜರಾತಿನ ಪಾಲಿಟಾಣಾ ದೇಶೀ ರೀಡುಗಳ ಕೇಂದ್ರವಾಗಿದೆ. ಈ ಬೇಡಿಕೆಯೇ ಹಳೆಯ ಚರ್ಚ್ ಆರ್ಗನ್ನುಗಳಿಗೆ ಒದಗಿರುವ ಅಪಾಯ ಕೂಡ. ಮೂಲೆಗೆ ಬಿದ್ದ ಕಾಲಿನ ಆರ್ಗನ್ನಿನ ರೀಡುಗಳನ್ನು ಕಿತ್ತು ಹೊಸ ಪೇಟಿಗೆ ಹಾಕಿದಾಗ ಪೇಟಿಗೆ ಒಳ್ಳೆಯ ದನಿ ಬರುವುದು ನಿಜವಾದರೂ, ಒಂದು ಇಡೀ ವಾದ್ಯ ಬರಿಯ ಪೀಠೋಪಕರಣವಾಗಿ ಉಳಿಯುತ್ತದೆ. ಅದರಲ್ಲೂ ಅಮೆರಿಕದ ಆರ್ಗನ್ನುಗಳು ಗಾಳಿಯನ್ನು ಊದದೆ ಒಳಕ್ಕೆ ಹೀರಿಕೊಂಡು ನುಡಿಯುವಂಥವಾಗಿದ್ದು, ಅವುಗಳ ರೀಡು ಮತ್ತು ಅದು ಕೂರುವ ಗೂಡು ಒಂದಕ್ಕೊಂದು ಅಳೆದು ಮಾಡಿದವು. ಬೇರ್ಪಡಿಸಿದ ಮೇಲೆ ಆ ಮೃದುವಾದ ದನಿ ಎರಡರಲ್ಲೂ ಉಳಿಯುವುದಿಲ್ಲ.

ಇಂಥ ವಾದ್ಯಗಳನ್ನು ಕಾಪಾಡಲು ಬೇಕಾದ ಕೈಗಳಿಗಾಗಿ ಬೆಳಗಾವಿ ದೂರ ಹೋಗಬೇಕಾಗಿಲ್ಲ. ತಿದಿಗೆ ತೊಗಲು ಹಚ್ಚುವುದು, ಕವಾಟ ಕೂರಿಸುವುದು, ರೀಡು ಕೆರೆಯುವುದು ಪೇಟಿ ದುರಸ್ತಿಗಾರನ ದಿನದ ಕೆಲಸ. ಖಾನಾಪುರದ ಕಾಡಿನ ಸಾಗವಾನಿ ಈ ಹವೆಯಲ್ಲೇ ಬೆಳೆದ, ಗೆದ್ದಲಿಗೆ ಸುಲಭವಾಗಿ ಬಗ್ಗದ ಮರ. ಆದರೂ ಸೀಳಿದ ಹಲಗೆಯನ್ನು ಪೂರ್ತಿ ತೆಗೆದು ಸಾಗವಾನಿ ಹಾಕುವುದಕ್ಕಿಂತ ಮೂಲದ ಮರವನ್ನೇ ಉಳಿಸಿ ಸೀಳಿಗಷ್ಟೇ ಅದೇ ಜಾತಿಯ ಮರದ ಚಕ್ಕೆ ಕೂಡಿಸುವುದು ಲೇಸು, ಏಕೆಂದರೆ ಮರದ ಸಾಂದ್ರತೆ ಬದಲಾದರೆ ಪಕ್ಕದ ಹಲಗೆಯೊಂದಿಗೆ ಅದು ಬೇರೆ ಪ್ರಮಾಣದಲ್ಲಿ ಉಬ್ಬಿ ಹೊಸ ಬಿರುಕನ್ನು ತರುತ್ತದೆ. ಕೊರತೆಯಿರುವುದು ದಾಖಲೆಯ ಅಭ್ಯಾಸದಲ್ಲಿ. ವಾದ್ಯ ತಯಾರಾದ ಊರು, ಅದರ ಕ್ರಮಸಂಖ್ಯೆ, ದುರಸ್ತಿಯ ಮೊದಲಿನ ಶ್ರುತಿ, ಬದಲಿಸಿದ ಭಾಗಗಳು, ಬಳಸಿದ ಅಂಟು ಇವನ್ನು ಬರೆದ ಹಾಳೆಯೊಂದು ಪೆಟ್ಟಿಗೆಯೊಳಗೂ, ಅದರ ಪ್ರತಿ ಚರ್ಚಿನ ದಫ್ತರದಲ್ಲೂ ಇರಬೇಕು. ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಚೀಟಿ ಕಟ್ಟಿ ಇಡಬೇಕು.

ಕೆಲಸದ ಕಾಲವನ್ನೂ ಈ ನೆಲದ ಹವೆಯೇ ನಿರ್ಧರಿಸುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರವನ್ನು ಕೆತ್ತಿ ಕೂರಿಸಿದರೆ ಬೇಸಿಗೆಯಲ್ಲಿ ಸಡಿಲಾಗುತ್ತದೆ, ಏಪ್ರಿಲ್‌ನ ಒಣಮರವನ್ನು ಬಿಗಿಯಾಗಿ ಕೂರಿಸಿದರೆ ಜುಲೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆ ನಿಂತು ಹವೆ ಹದಕ್ಕೆ ಬರುವ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಅವಧಿ ಮರಗೆಲಸಕ್ಕೂ ಶ್ರುತಿಗೂ ಅನುಕೂಲ. ಮಾಡಿದ ಶ್ರುತಿಯನ್ನು ಮುಂದಿನ ಆಗಸ್ಟಿನಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಪರೀಕ್ಷಿಸಿ, ಯಾವ ಸ್ವರ ಎಷ್ಟು ಸರಿದಿದೆ ಎಂಬುದನ್ನು ಏನನ್ನೂ ತಿದ್ದದೆ ಬರೆದಿಟ್ಟುಕೊಂಡು, ಎರಡೂ ಋತುಗಳ ಲೆಕ್ಕ ಕೈಗೆ ಬಂದ ಮೇಲಷ್ಟೇ ಕೊನೆಯ ಶ್ರುತಿಗೆ ಕೈಹಾಕಬೇಕಾಗುತ್ತದೆ.